ಮೇದೋಜೀರಕ ಗ್ರಂಥಿಯ ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳ ತಡೆ

ಮೇದೋಜೀರಕ ಗ್ರಂಥಿಯ ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳ ತಡೆ ಎಂಬುದು ಈ ಗ್ರಂಥಿಯ ಒಂದು ಭಾಗವನ್ನಾಗಲಿ ಇಡೀ ಗ್ರಂಥಿಯನ್ನಾಗಲಿ ತೆಗೆದುಹಾಕಿದ ಬಳಿಕ ರೋಗಿಗೆ ಉಂಟಾಗಬಹುದಾದ ಸೋರಿಕೆ, ರಕ್ತಸ್ರಾವ, ಸೋಂಕು, ಜಠರದ ಮಾಂದ್ಯ ಮೊದಲಾದ ತೊಂದರೆಗಳು ಬಾರದಂತೆ ನೋಡಿಕೊಳ್ಳುವ, ಬಂದಾಗ ಅವು ಪ್ರಾಣಾಪಾಯಕ್ಕೆ ತಿರುಗದಂತೆ ತಡೆಯುವ ಕ್ರಮಗಳ ಒಟ್ಟು ಹೆಸರು. ಮೇದೋಜೀರಕ ಗ್ರಂಥಿಯನ್ನು ಪ್ಯಾಂಕ್ರಿಯಾಸ್ ಎಂದೂ ಕರೆಯಲಾಗುತ್ತದೆ. ಇದರ ಮೇಲಿನ ಶಸ್ತ್ರಚಿಕಿತ್ಸೆಯು ಹೊಟ್ಟೆಯ ಶಸ್ತ್ರಚಿಕಿತ್ಸೆಗಳಲ್ಲಿ ಅತ್ಯಂತ ಕ್ಲಿಷ್ಟವಾದವುಗಳಲ್ಲಿ ಒಂದು. ಅನುಭವಿ ಕೇಂದ್ರಗಳಲ್ಲಿ ಮರಣ ಪ್ರಮಾಣವು ಇಂದು ಶೇ. 5ಕ್ಕಿಂತ ಕಡಿಮೆಯಾಗಿದೆ. ಆದರೂ ಗ್ರಂಥಿಯ ತಲೆಭಾಗವನ್ನು ತೆಗೆಸಿಕೊಂಡ ರೋಗಿಗಳಲ್ಲಿ ಸುಮಾರು ಮೂರನೇ ಒಂದು ಭಾಗದಿಂದ ಅರ್ಧದಷ್ಟು ಜನರಿಗೆ ಸಣ್ಣದೋ ದೊಡ್ಡದೋ ಒಂದು ತೊಡಕು ಈಗಲೂ ಉಂಟಾಗುತ್ತದೆ.

ಈ ಎರಡು ಸಂಗತಿಗಳನ್ನು ಜೊತೆಗಿರಿಸಿ ನೋಡಿದಾಗ ವಿಷಯದ ಸ್ವರೂಪ ಸ್ಪಷ್ಟವಾಗುತ್ತದೆ. ಕಳೆದ ಕೆಲವು ದಶಕಗಳಲ್ಲಿ ಸಾವು ಇಳಿದಷ್ಟು ತೊಡಕುಗಳು ಇಳಿದಿಲ್ಲ. ಆದ್ದರಿಂದ ತಡೆಯ ಕಾರ್ಯವನ್ನು ಎರಡು ಹಂತಗಳಲ್ಲಿ ನೋಡಲಾಗುತ್ತದೆ. ಮೊದಲನೆಯದು ತೊಡಕು ಹುಟ್ಟದಂತೆ ತಡೆಯುವುದು. ಎರಡನೆಯದು ಹುಟ್ಟಿದ ತೊಡಕನ್ನು ಬೇಗ ಗುರುತಿಸಿ ಅದು ಸಾವಿಗೆ ದಾರಿಯಾಗದಂತೆ ತಡೆಯುವುದು.

ಗ್ರಂಥಿಯ ರಚನೆ ಮತ್ತು ಅಪಾಯದ ಮೂಲ

ಮೇದೋಜೀರಕ ಗ್ರಂಥಿಯು ಜಠರದ ಹಿಂಭಾಗದಲ್ಲಿ, ಬೆನ್ನುಮೂಳೆಯ ಮುಂದೆ ಅಡ್ಡಲಾಗಿ ಮಲಗಿರುವ, ಸುಮಾರು 15 ಸೆಂಟಿಮೀಟರ್ ಉದ್ದದ ಮೃದುವಾದ ಅಂಗ. ಇದನ್ನು ತಲೆ, ಕತ್ತು, ಮೈ ಮತ್ತು ಬಾಲ ಎಂದು ವಿಂಗಡಿಸಲಾಗುತ್ತದೆ. ತಲೆಭಾಗವು ಸಣ್ಣ ಕರುಳಿನ ಮೊದಲ ಭಾಗವಾದ ಡಿಯೋಡಿನಮ್‌ನ ಬಾಗಿನಲ್ಲಿ ಸೇರಿಕೊಂಡಿದೆ. ಪಿತ್ತನಾಳವು ಈ ತಲೆಯ ಮೂಲಕ ಹಾದು ಕರುಳನ್ನು ಸೇರುತ್ತದೆ. ಬಾಲವು ಗುಲ್ಮದವರೆಗೆ ಚಾಚಿಕೊಂಡಿದೆ. ಯಕೃತ್ತಿಗೂ ಕರುಳಿಗೂ ರಕ್ತವನ್ನು ಒಯ್ಯುವ ದೊಡ್ಡ ರಕ್ತನಾಳಗಳು ಗ್ರಂಥಿಗೆ ಅಂಟಿಕೊಂಡಂತೆಯೇ ಸಾಗುತ್ತವೆ.

ಗ್ರಂಥಿಯು ಎರಡು ಕೆಲಸಗಳನ್ನು ಮಾಡುತ್ತದೆ. ಇನ್ಸುಲಿನ್, ಗ್ಲೂಕಗಾನ್ ಮೊದಲಾದ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಪಿಷ್ಟ, ಕೊಬ್ಬು ಮತ್ತು ಪ್ರೋಟೀನನ್ನು ಜೀರ್ಣಿಸುವ ಕಿಣ್ವಗಳಿರುವ ರಸವನ್ನು ದಿನಕ್ಕೆ ಸುಮಾರು ಒಂದರಿಂದ ಒಂದೂವರೆ ಲೀಟರಿನಷ್ಟು ಕರುಳಿಗೆ ಸುರಿಸುತ್ತದೆ. ಪ್ರೋಟೀನನ್ನು ಒಡೆಯುವ ಕಿಣ್ವಗಳು ಗ್ರಂಥಿಯೊಳಗೆ ನಿಷ್ಕ್ರಿಯ ರೂಪದಲ್ಲಿದ್ದು, ಕರುಳನ್ನು ತಲುಪಿದ ಮೇಲಷ್ಟೇ ಸಕ್ರಿಯವಾಗುತ್ತವೆ.

ಶಸ್ತ್ರಚಿಕಿತ್ಸೆಯ ಅಪಾಯದ ಮೂಲ ಇಲ್ಲಿಯೇ ಇದೆ. ಗ್ರಂಥಿಯನ್ನು ಕತ್ತರಿಸಿದ ಮೇಲೆ ಉಳಿದ ತುಂಡು ರಸವನ್ನು ಸುರಿಸುತ್ತಲೇ ಇರುತ್ತದೆ. ಆ ರಸವು ಹೊಲಿಗೆಯ ಸಂದುಗಳಿಂದ ಹೊಟ್ಟೆಯೊಳಗೆ ಸೋರಿ, ಕರುಳಿನ ದ್ರವದೊಡನೆ ಅಥವಾ ಸೂಕ್ಷ್ಮಾಣುಗಳೊಡನೆ ಬೆರೆತರೆ ಕಿಣ್ವಗಳು ಎಚ್ಚೆತ್ತು ಸುತ್ತಲಿನ ಅಂಗಾಂಶವನ್ನೇ ಜೀರ್ಣಿಸತೊಡಗುತ್ತವೆ. ಹೊಲಿಗೆ ಸಡಿಲಗೊಳ್ಳುತ್ತದೆ, ಕೀವು ತುಂಬಿಕೊಳ್ಳುತ್ತದೆ, ರಕ್ತನಾಳದ ಗೋಡೆ ತೆಳುವಾಗಿ ಒಡೆಯಲೂಬಹುದು. ಬಹುಪಾಲು ಗಂಭೀರ ತೊಡಕುಗಳು ಈ ಒಂದು ಸೋರಿಕೆಯಿಂದ ಸರಪಳಿಯಂತೆ ಹುಟ್ಟುತ್ತವೆ.

ಶಸ್ತ್ರಚಿಕಿತ್ಸೆಯ ವಿಧಗಳು

ತೊಡಕಿನ ಸ್ವರೂಪವು ಶಸ್ತ್ರಚಿಕಿತ್ಸೆಯ ವಿಧವನ್ನು ಅವಲಂಬಿಸಿದೆ.

ವಿಪಲ್ ಶಸ್ತ್ರಚಿಕಿತ್ಸೆಯಲ್ಲಿ ಗ್ರಂಥಿಯ ತಲೆ, ಡಿಯೋಡಿನಮ್, ಪಿತ್ತಕೋಶ ಮತ್ತು ಪಿತ್ತನಾಳದ ಕೆಳಭಾಗವನ್ನು, ಕೆಲವೊಮ್ಮೆ ಜಠರದ ಒಂದು ಭಾಗವನ್ನೂ ಸೇರಿಸಿ ತೆಗೆಯಲಾಗುತ್ತದೆ. ಬಳಿಕ ಉಳಿದ ಗ್ರಂಥಿ, ಪಿತ್ತನಾಳ ಮತ್ತು ಜಠರವನ್ನು ಸಣ್ಣ ಕರುಳಿಗೆ ಜೋಡಿಸಲಾಗುತ್ತದೆ. ಈ ಮೂರು ಜೋಡಣೆಗಳಲ್ಲಿ ಗ್ರಂಥಿಯ ಜೋಡಣೆಯೇ ಅತ್ಯಂತ ದುರ್ಬಲವಾದದ್ದು.

ಬಾಲಭಾಗದ ಛೇದನದಲ್ಲಿ ಗ್ರಂಥಿಯ ಎಡಭಾಗವನ್ನು, ಅನೇಕ ವೇಳೆ ಗುಲ್ಮದೊಡನೆ, ತೆಗೆಯಲಾಗುತ್ತದೆ. ಇಲ್ಲಿ ಕರುಳಿನ ಜೋಡಣೆ ಇರುವುದಿಲ್ಲ. ಕತ್ತರಿಸಿದ ತುದಿಯನ್ನು ಮುಚ್ಚಲಾಗುತ್ತದೆ. ಆ ತುದಿಯಿಂದ ರಸ ಸೋರುವುದು ಸಾಮಾನ್ಯವಾದರೂ ಸಾವಿನ ಅಪಾಯ ವಿಪಲ್ ಶಸ್ತ್ರಚಿಕಿತ್ಸೆಗಿಂತ ಕಡಿಮೆ.

ಸಂಪೂರ್ಣ ಛೇದನದಲ್ಲಿ ಇಡೀ ಗ್ರಂಥಿಯನ್ನು ತೆಗೆಯುವುದರಿಂದ ಸೋರಿಕೆಯ ಪ್ರಶ್ನೆಯೇ ಇಲ್ಲ. ಆದರೆ ರೋಗಿಯು ಜೀವನಪೂರ್ತಿ ಇನ್ಸುಲಿನ್ ಮತ್ತು ಕಿಣ್ವಗಳನ್ನು ಹೊರಗಿನಿಂದ ಪಡೆಯಬೇಕಾಗುತ್ತದೆ.

ಇತಿಹಾಸ

ಗ್ರಂಥಿಯ ತಲೆಯನ್ನು ಡಿಯೋಡಿನಮ್‌ನೊಡನೆ ತೆಗೆಯುವ ಪ್ರಯತ್ನವನ್ನು ಇಟಲಿಯ ಅಲೆಸಾಂಡ್ರೊ ಕೊಡಿವಿಲ್ಲ 1898ರಲ್ಲಿ ಮಾಡಿದರು; ರೋಗಿ ಬದುಕುಳಿಯಲಿಲ್ಲ. ಜರ್ಮನಿಯ ವಾಲ್ಟರ್ ಕೌಶ್ 1909ರಲ್ಲಿ ಎರಡು ಹಂತಗಳಲ್ಲಿ ಇದನ್ನು ಯಶಸ್ವಿಯಾಗಿ ನಡೆಸಿ 1912ರಲ್ಲಿ ವರದಿ ಮಾಡಿದರು. ಅಮೆರಿಕದ ಅಲೆನ್ ವಿಪಲ್ ಮತ್ತು ಸಂಗಡಿಗರು 1935ರಲ್ಲಿ ಪ್ರಕಟಿಸಿದ ಲೇಖನದ ನಂತರ ಈ ವಿಧಾನ ಪ್ರಚಾರಕ್ಕೆ ಬಂದು ವಿಪಲ್ ಅವರ ಹೆಸರನ್ನೇ ಪಡೆಯಿತು.

ಮುಂದಿನ ಕೆಲವು ದಶಕಗಳವರೆಗೆ ಶಸ್ತ್ರಚಿಕಿತ್ಸೆಯ ನಂತರ ನಾಲ್ವರಲ್ಲಿ ಒಬ್ಬರಷ್ಟು ರೋಗಿಗಳು ಸಾಯುತ್ತಿದ್ದ ಆಸ್ಪತ್ರೆಗಳಿದ್ದವು. ಕ್ಯಾನ್ಸರಿಗೆ ಈ ಶಸ್ತ್ರಚಿಕಿತ್ಸೆಯನ್ನು ಕೈಬಿಡಬೇಕೆಂಬ ವಾದವೂ 1970ರ ಸುಮಾರಿಗೆ ಕೇಳಿಬಂತು. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಜಾನ್ ಕ್ಯಾಮರಾನ್ ಮತ್ತು ಸಂಗಡಿಗರು ಒಂದೂ ಸಾವಿಲ್ಲದೆ ಸತತವಾಗಿ 145 ರೋಗಿಗಳಿಗೆ ಈ ಶಸ್ತ್ರಚಿಕಿತ್ಸೆ ಮಾಡಿದುದನ್ನು 1993ರಲ್ಲಿ ವರದಿ ಮಾಡಿದರು. ಒಂದೇ ತಂಡವು ಪದೇ ಪದೇ ಮಾಡಿದಾಗ ಈ ಶಸ್ತ್ರಚಿಕಿತ್ಸೆ ಸುರಕ್ಷಿತವಾಗಬಲ್ಲದು ಎಂಬ ನಂಬಿಕೆಯನ್ನು ಇದು ಬಲಪಡಿಸಿತು.

ಬಹುಕಾಲದವರೆಗೆ ಒಂದು ಆಸ್ಪತ್ರೆ ಸೋರಿಕೆ ಎಂದುದನ್ನು ಇನ್ನೊಂದು ಆಸ್ಪತ್ರೆ ಹಾಗೆ ಎಣಿಸುತ್ತಿರಲಿಲ್ಲ. ಹೀಗಾಗಿ ಯಾವ ತಡೆ ಕ್ರಮ ಫಲಕಾರಿ ಎಂದು ಹೋಲಿಸಿ ನೋಡುವುದೇ ಕಷ್ಟವಾಗಿತ್ತು. ಅಂತರರಾಷ್ಟ್ರೀಯ ಅಧ್ಯಯನ ತಂಡವೊಂದು 2005ರಲ್ಲಿ ಸೋರಿಕೆಗೆ ಸಮಾನ ವ್ಯಾಖ್ಯೆಯನ್ನು ನೀಡಿತು. 2007ರಲ್ಲಿ ರಕ್ತಸ್ರಾವಕ್ಕೂ ಜಠರದ ಮಾಂದ್ಯಕ್ಕೂ ವ್ಯಾಖ್ಯೆಗಳು ಬಂದವು. ಸೋರಿಕೆಯ ವ್ಯಾಖ್ಯೆಯನ್ನು 2016ರಲ್ಲಿ ಪರಿಷ್ಕರಿಸಲಾಯಿತು.

ಪ್ರಮುಖ ತೊಡಕುಗಳು

ಗ್ರಂಥಿರಸದ ಸೋರಿಕೆ. ಇದನ್ನು ವೈದ್ಯಕೀಯ ಭಾಷೆಯಲ್ಲಿ ಫಿಸ್ಟುಲಾ ಎನ್ನುತ್ತಾರೆ. ಶಸ್ತ್ರಚಿಕಿತ್ಸೆಯಾದ ಮೂರನೆಯ ದಿನ ಅಥವಾ ಅನಂತರ ಡ್ರೈನ್ ಕೊಳವೆಯಿಂದ ಬರುವ ದ್ರವದಲ್ಲಿ ಅಮೈಲೇಸ್ ಕಿಣ್ವದ ಮಟ್ಟವು ರಕ್ತದಲ್ಲಿರಬೇಕಾದ ಗರಿಷ್ಠ ಸಹಜ ಮಟ್ಟದ ಮೂರು ಪಟ್ಟಿಗಿಂತ ಹೆಚ್ಚಿದ್ದರೆ ಸೋರಿಕೆ ಇದೆ ಎಂದರ್ಥ. ರೋಗಿಗೆ ಅದರಿಂದ ಯಾವ ತೊಂದರೆಯೂ ಇಲ್ಲದಿದ್ದರೆ ಅದನ್ನು ಕೇವಲ ಜೀವರಾಸಾಯನಿಕ ಸೋರಿಕೆ ಎಂದು ಕರೆಯಲಾಗುತ್ತದೆ. ಪರಿಷ್ಕೃತ ವ್ಯಾಖ್ಯೆಯಂತೆ ಅದು ಫಿಸ್ಟುಲಾ ಅಲ್ಲ. ಚಿಕಿತ್ಸೆಯ ಕ್ರಮವನ್ನು ಬದಲಿಸಬೇಕಾಗಿ ಬಂದರೆ, ಉದಾಹರಣೆಗೆ ಕೊಳವೆಯನ್ನು ಮೂರು ವಾರಕ್ಕಿಂತ ಹೆಚ್ಚು ಕಾಲ ಉಳಿಸಬೇಕಾದರೆ ಅಥವಾ ಹೊಸ ಕೊಳವೆ ಹಾಕಬೇಕಾದರೆ, ಅದು ‘ಬಿ’ ದರ್ಜೆ. ಮರುಶಸ್ತ್ರಚಿಕಿತ್ಸೆ, ಅಂಗವೈಫಲ್ಯ ಅಥವಾ ಸಾವಿಗೆ ಕಾರಣವಾದರೆ ‘ಸಿ’ ದರ್ಜೆ.

ರಕ್ತಸ್ರಾವ. ಮೊದಲ 24 ಗಂಟೆಗಳೊಳಗೆ ಆಗುವ ರಕ್ತಸ್ರಾವವು ಸಾಮಾನ್ಯವಾಗಿ ಕಟ್ಟಿದ ರಕ್ತನಾಳ ಬಿಚ್ಚಿಕೊಂಡುದರ ಫಲ. ಅನಂತರದ ದಿನಗಳಲ್ಲಿ, ವಿಶೇಷವಾಗಿ ಒಂದು ವಾರದ ಮೇಲೆ ಆಗುವ ರಕ್ತಸ್ರಾವಕ್ಕೆ ಬಹುತೇಕ ಸೋರಿಕೆಯೇ ಕಾರಣ. ಸೋರಿದ ರಸವು ಅಪಧಮನಿಯ ಗೋಡೆಯನ್ನು ತಿಂದು ಅಲ್ಲಿ ಬುಗ್ಗೆಯಂತಹ ಉಬ್ಬನ್ನು ಉಂಟುಮಾಡುತ್ತದೆ. ಅದು ಒಡೆದಾಗ ಭಾರಿ ರಕ್ತಸ್ರಾವವಾಗುತ್ತದೆ.

ಜಠರದ ಮಾಂದ್ಯ. ಜಠರವು ಆಹಾರವನ್ನು ಮುಂದಕ್ಕೆ ತಳ್ಳಲು ತಡಮಾಡುವ ಸ್ಥಿತಿ ಇದು. ವಾಂತಿ ಮತ್ತು ಹೊಟ್ಟೆ ಉಬ್ಬರವಿದ್ದು, ಮೂಗಿನ ಮೂಲಕ ಜಠರಕ್ಕೆ ಇಳಿಸಿದ ಕೊಳವೆಯನ್ನು ತೆಗೆಯಲಾಗುವುದಿಲ್ಲ. ಇದು ಅಪರೂಪಕ್ಕೆ ಪ್ರಾಣಾಪಾಯಕಾರಿಯಾದರೂ ಆಸ್ಪತ್ರೆಯ ವಾಸವನ್ನು ವಾರಗಟ್ಟಲೆ ಲಂಬಿಸುತ್ತದೆ. ಅನೇಕ ವೇಳೆ ಇದು ಹೊಟ್ಟೆಯೊಳಗಿನ ಬೇರೊಂದು ತೊಡಕಿನ, ಮುಖ್ಯವಾಗಿ ಸೋರಿಕೆಯ, ಹೊರಚಿಹ್ನೆಯಾಗಿರುತ್ತದೆ.

ಸೋಂಕು. ಹೊಟ್ಟೆಯ ಗಾಯದಲ್ಲಿ, ಹೊಟ್ಟೆಯೊಳಗೆ, ಶ್ವಾಸಕೋಶದಲ್ಲಿ ಅಥವಾ ಮೂತ್ರನಾಳದಲ್ಲಿ ಸೋಂಕು ಉಂಟಾಗಬಹುದು. ಚಿಕಿತ್ಸೆ ತಡವಾದರೆ ಅದು ರಕ್ತದ ನಂಜಾಗಿ ಮೂತ್ರಪಿಂಡ, ಶ್ವಾಸಕೋಶ ಮೊದಲಾದ ಅಂಗಗಳು ಸೋಲುತ್ತವೆ.

ಇತರ ತೊಡಕುಗಳು. ಪಿತ್ತರಸದ ಸೋರಿಕೆ, ಹಾಲಿನಂತಹ ದುಗ್ಧರಸದ ಸೋರಿಕೆ, ಉಳಿದ ಗ್ರಂಥಿಯ ಉರಿಯೂತ, ಕಾಲಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವುದು, ಹೃದಯ ಮತ್ತು ಶ್ವಾಸಕೋಶದ ತೊಂದರೆಗಳು ಇವುಗಳಲ್ಲಿ ಸೇರಿವೆ.

ಅಪಾಯವನ್ನು ಹೆಚ್ಚಿಸುವ ಅಂಶಗಳು

ಗ್ರಂಥಿ ಮೃದುವಾಗಿದ್ದು ಅದರ ನಾಳ ಕಿರಿದಾಗಿದ್ದಾಗ ಹೊಲಿಗೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಆದ್ದರಿಂದ ಆರೋಗ್ಯವಂತ ಗ್ರಂಥಿಯೇ ಸೋರಿಕೆಗೆ ಹೆಚ್ಚು ಎಡೆಮಾಡಿಕೊಡುತ್ತದೆ. ದೀರ್ಘಕಾಲದ ಉರಿಯೂತದಿಂದ ಅಥವಾ ನಾಳವನ್ನು ಅಡ್ಡಗಟ್ಟಿದ ಗಡ್ಡೆಯಿಂದ ಗಟ್ಟಿಯಾದ ಗ್ರಂಥಿಯಲ್ಲಿ ಹೊಲಿಗೆ ಚೆನ್ನಾಗಿ ನಿಲ್ಲುತ್ತದೆ. 2013ರಲ್ಲಿ ಪ್ರಕಟವಾದ ಅಪಾಯಸೂಚಿಯೊಂದು ಗ್ರಂಥಿಯ ಮೃದುತ್ವ, ನಾಳದ ವ್ಯಾಸ, ರೋಗದ ಬಗೆ ಮತ್ತು ಶಸ್ತ್ರಚಿಕಿತ್ಸೆಯ ವೇಳೆ ಹೋದ ರಕ್ತದ ಪ್ರಮಾಣ ಎಂಬ ನಾಲ್ಕು ಅಂಶಗಳನ್ನು ಲೆಕ್ಕಹಾಕಿ ಸೊನ್ನೆಯಿಂದ ಹತ್ತರವರೆಗೆ ಅಂಕ ನೀಡುತ್ತದೆ. ಅಂಕ ಹೆಚ್ಚಿದಂತೆ ಸೋರಿಕೆಯ ಸಾಧ್ಯತೆಯೂ ಹೆಚ್ಚು. ಬೊಜ್ಜು, ಧೂಮಪಾನ, ಅಪೌಷ್ಟಿಕತೆ, ಹೃದಯ ಮತ್ತು ಶ್ವಾಸಕೋಶದ ಹಳೆಯ ಕಾಯಿಲೆಗಳು ಚೇತರಿಕೆಯನ್ನು ಕಷ್ಟಕರವಾಗಿಸುತ್ತವೆ.

ಶಸ್ತ್ರಚಿಕಿತ್ಸೆಗೆ ಮೊದಲಿನ ಕ್ರಮಗಳು

ಧೂಮಪಾನವನ್ನು ಕನಿಷ್ಠ ನಾಲ್ಕು ವಾರ ಮೊದಲೇ ನಿಲ್ಲಿಸುವುದು, ಮದ್ಯವನ್ನು ಬಿಡುವುದು, ರಕ್ತದ ಸಕ್ಕರೆಯನ್ನು ಹತೋಟಿಗೆ ತರುವುದು ಮತ್ತು ರಕ್ತಹೀನತೆಗೆ ಚಿಕಿತ್ಸೆ ನೀಡುವುದು ಮೂಲ ಸಿದ್ಧತೆಗಳು. ತೂಕ ತೀರ ಇಳಿದಿರುವ ರೋಗಿಗೆ ಪೌಷ್ಟಿಕ ಆಹಾರವನ್ನೂ, ಅಗತ್ಯವಿದ್ದರೆ ಕಿಣ್ವದ ಮಾತ್ರೆಗಳನ್ನೂ ಕೊಟ್ಟು ದೇಹವನ್ನು ಸಜ್ಜುಗೊಳಿಸಲಾಗುತ್ತದೆ. ನಡಿಗೆ ಮತ್ತು ಉಸಿರಾಟದ ವ್ಯಾಯಾಮಗಳು ನ್ಯುಮೋನಿಯಾದ ಅಪಾಯವನ್ನು ತಗ್ಗಿಸಲು ನೆರವಾಗುತ್ತವೆ.

ಗ್ರಂಥಿಯ ತಲೆಯ ಗಡ್ಡೆಯಿಂದ ಪಿತ್ತನಾಳ ಮುಚ್ಚಿ ಕಾಮಾಲೆ ಬಂದಿರುವುದು ಸಾಮಾನ್ಯ. ಶಸ್ತ್ರಚಿಕಿತ್ಸೆಗೆ ಮೊದಲು ನಾಳದಲ್ಲಿ ಸ್ಟೆಂಟ್ ಇರಿಸಿ ಕಾಮಾಲೆಯನ್ನು ಇಳಿಸಿಕೊಳ್ಳುವುದು ಒಳ್ಳೆಯದೆಂದು ಹಿಂದೆ ಭಾವಿಸಲಾಗಿತ್ತು. ನೆದರ್ಲೆಂಡ್ಸ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗವು ಇದಕ್ಕೆ ವಿರುದ್ಧವಾದ ಫಲಿತಾಂಶ ನೀಡಿತು. ನೇರವಾಗಿ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಶೇ. 39 ಮಂದಿಗೆ ಗಂಭೀರ ತೊಡಕುಗಳಾದರೆ, ಮೊದಲು ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಆ ಪ್ರಮಾಣ ಶೇ. 74 ಆಗಿತ್ತು. ಸ್ಟೆಂಟಿನ ಮೂಲಕ ಕರುಳಿನ ಸೂಕ್ಷ್ಮಾಣುಗಳು ಪಿತ್ತರಸವನ್ನು ಸೇರುವುದು ಇದಕ್ಕೆ ಒಂದು ಮುಖ್ಯ ಕಾರಣ. ಕಾಮಾಲೆ ಅತಿಯಾಗಿದ್ದಾಗ, ಪಿತ್ತನಾಳಕ್ಕೆ ಸೋಂಕು ತಗುಲಿದಾಗ ಅಥವಾ ಮೊದಲು ಕೀಮೋಥೆರಪಿ ನೀಡಬೇಕಾಗಿ ಶಸ್ತ್ರಚಿಕಿತ್ಸೆ ತಡವಾಗುವಾಗ ಸ್ಟೆಂಟ್ ಅಗತ್ಯವೇ ಆಗಿರುತ್ತದೆ.

ಗುಲ್ಮವನ್ನು ತೆಗೆಯುವ ಸಾಧ್ಯತೆಯಿದ್ದರೆ ನ್ಯುಮೊಕಾಕಸ್, ಮೆನಿಂಗೊಕಾಕಸ್ ಮತ್ತು ಹೀಮೊಫಿಲಸ್ ಇನ್‌ಫ್ಲುಯೆನ್ಜಾ ‘ಬಿ’ ಸೂಕ್ಷ್ಮಾಣುಗಳ ವಿರುದ್ಧದ ಲಸಿಕೆಗಳನ್ನು ಸಾಧ್ಯವಾದಷ್ಟು ಎರಡು ವಾರ ಮೊದಲೇ ನೀಡಲಾಗುತ್ತದೆ. ಮೊದಲು ಆಗದಿದ್ದರೆ ಶಸ್ತ್ರಚಿಕಿತ್ಸೆಯ ಎರಡು ವಾರಗಳ ಬಳಿಕ ಕೊಡುವುದು ವಾಡಿಕೆ.

ಶಸ್ತ್ರಚಿಕಿತ್ಸೆಯ ವೇಳೆಯ ಕ್ರಮಗಳು

ಗ್ರಂಥಿಯನ್ನು ಕರುಳಿಗೆ ಜೋಡಿಸಲು ಹಲವು ವಿಧಾನಗಳನ್ನು ರೂಪಿಸಲಾಗಿದೆ. ಗ್ರಂಥಿಯ ನಾಳವನ್ನು ಕರುಳಿನ ಒಳಪದರಕ್ಕೆ ನೇರವಾಗಿ ಹೊಲಿಯುವುದು, ಗ್ರಂಥಿಯ ತುದಿಯನ್ನೇ ಕರುಳಿನೊಳಗೆ ತೂರಿಸುವುದು, ಕರುಳಿನ ಬದಲು ಜಠರಕ್ಕೆ ಜೋಡಿಸುವುದು ಇವುಗಳಲ್ಲಿ ಮುಖ್ಯವಾದವು. ಕರುಳಿಗೆ ಜೋಡಿಸುವುದನ್ನೂ ಜಠರಕ್ಕೆ ಜೋಡಿಸುವುದನ್ನೂ ಹೋಲಿಸಿದ ಜರ್ಮನಿಯ ದೊಡ್ಡ ಪ್ರಯೋಗವು 2016ರಲ್ಲಿ ಪ್ರಕಟವಾಯಿತು. ಸೋರಿಕೆಯ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬಾಲಭಾಗದ ಛೇದನದಲ್ಲಿ ಕತ್ತರಿಸಿದ ತುದಿಯನ್ನು ಸ್ಟೇಪ್ಲರ್‌ನಿಂದ ಮುಚ್ಚಿದರೂ ಕೈಹೊಲಿಗೆಯಿಂದ ಮುಚ್ಚಿದರೂ ಸೋರಿಕೆ ಸಮಾನವೆಂದು 2011ರಲ್ಲಿ ಪ್ರಕಟವಾದ ಯುರೋಪಿನ ಪ್ರಯೋಗ ತೋರಿಸಿತು. ಆದ್ದರಿಂದ ಶಸ್ತ್ರವೈದ್ಯರು ತಮಗೆ ಚೆನ್ನಾಗಿ ಅಭ್ಯಾಸವಿರುವ ವಿಧಾನವನ್ನು ಎಚ್ಚರದಿಂದ ಮಾಡುವುದೇ ಮುಖ್ಯವೆಂದು ಪರಿಗಣಿಸಲಾಗುತ್ತದೆ.

ಸಣ್ಣ ರಂಧ್ರಗಳ ಮೂಲಕ ನಡೆಸುವ ಲ್ಯಾಪರೋಸ್ಕೋಪಿ ವಿಧಾನವು ಬಾಲಭಾಗದ ಛೇದನದಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿದೆ. ವಿಪಲ್ ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಪರಿಸ್ಥಿತಿ ಭಿನ್ನ. ನೆದರ್ಲೆಂಡ್ಸ್‌ನ ಒಂದು ಪ್ರಯೋಗದಲ್ಲಿ ಲ್ಯಾಪರೋಸ್ಕೋಪಿ ಗುಂಪಿನ 50 ರೋಗಿಗಳಲ್ಲಿ ಐವರೂ, ಹೊಟ್ಟೆ ತೆರೆದು ಮಾಡಿದ ಗುಂಪಿನ 49 ರೋಗಿಗಳಲ್ಲಿ ಒಬ್ಬರೂ ತೊಡಕುಗಳಿಂದ ಸತ್ತದ್ದರಿಂದ ಅದನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಫಲಿತಾಂಶವು 2019ರಲ್ಲಿ ಪ್ರಕಟವಾಯಿತು. ಹೊಸ ತಂತ್ರವನ್ನು ಕಲಿಯುವ ಅವಧಿಯ ಅಪಾಯವನ್ನು ರೋಗಿಯ ಮೇಲೆ ಹೊರಿಸಬಾರದೆಂಬ ಎಚ್ಚರಿಕೆಗೆ ಇದನ್ನು ಉದಾಹರಿಸಲಾಗುತ್ತದೆ.

ಚರ್ಮವನ್ನು ಕೊಯ್ಯುವ ಮೊದಲು ನೀಡುವ ಪ್ರತಿಜೀವಕದ ಆಯ್ಕೆಯೂ ಮುಖ್ಯ. ಅಮೆರಿಕ ಮತ್ತು ಕೆನಡಾದ 26 ಆಸ್ಪತ್ರೆಗಳ 778 ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸೆಫಾಕ್ಸಿಟಿನ್ ಪಡೆದವರಲ್ಲಿ ಶೇ. 32.8 ಮಂದಿಗೆ ಶಸ್ತ್ರಚಿಕಿತ್ಸೆಯ ಜಾಗದ ಸೋಂಕು ತಗುಲಿದರೆ, ಪೈಪರಾಸಿಲಿನ್-ಟ್ಯಾಜೊಬ್ಯಾಕ್ಟಮ್ ಪಡೆದವರಲ್ಲಿ ಅದು ಶೇ. 19.8 ಆಗಿತ್ತು. ಎರಡನೆಯ ಗುಂಪಿನಲ್ಲಿ ತೊಂದರೆ ಕೊಡುವ ಸೋರಿಕೆಯೂ ಕಡಿಮೆಯಿತ್ತು. ಸೂಕ್ಷ್ಮಾಣುಗಳ ಔಷಧ ನಿರೋಧಕತೆ ಊರಿಂದ ಊರಿಗೆ ಬೇರೆಯಾಗುವುದರಿಂದ ಪ್ರತಿ ಆಸ್ಪತ್ರೆಯೂ ತನ್ನಲ್ಲಿ ಕಂಡುಬರುವ ಸೂಕ್ಷ್ಮಾಣುಗಳನ್ನು ಗಮನಿಸಿ ಔಷಧವನ್ನು ಆರಿಸಿಕೊಳ್ಳಬೇಕಾಗುತ್ತದೆ.

ಡ್ರೈನ್ ಕೊಳವೆಗಳ ಬಳಕೆ

ಜೋಡಣೆಯ ಬಳಿ ಇರಿಸುವ ಡ್ರೈನ್ ಕೊಳವೆಯು ಸೋರಿದ ರಸವನ್ನು ಹೊರಗೊಯ್ಯುತ್ತದೆ. ಒಳಗೆ ನಡೆಯುತ್ತಿರುವುದನ್ನು ಹೊರಗೆ ತಿಳಿಸುತ್ತದೆ. ಆದರೆ ಬಹಳ ದಿನ ಉಳಿದರೆ ಅದೇ ಸೋಂಕಿಗೆ ದಾರಿಯಾಗಬಹುದು. ಅಮೆರಿಕದಲ್ಲಿ ನಡೆದ ಪ್ರಯೋಗವೊಂದರಲ್ಲಿ ವಿಪಲ್ ಶಸ್ತ್ರಚಿಕಿತ್ಸೆಯ ನಂತರ ಕೊಳವೆಯನ್ನೇ ಇರಿಸದ ಗುಂಪಿನಲ್ಲಿ ಸಾವು ಶೇ. 3ರಿಂದ ಶೇ. 12ಕ್ಕೆ ಏರಿದ್ದರಿಂದ ಪ್ರಯೋಗವನ್ನು ನಿಲ್ಲಿಸಲಾಯಿತು. ಇದರ ವರದಿ 2014ರಲ್ಲಿ ಬಂತು. ಇನ್ನೊಂದೆಡೆ, ಇಟಲಿಯ ವೆರೋನಾದ ತಂಡವು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೊದಲ ದಿನ ಡ್ರೈನ್ ದ್ರವದ ಅಮೈಲೇಸ್ ಲೀಟರಿಗೆ 5,000 ಘಟಕಗಳನ್ನು ಮೀರದ ರೋಗಿಗಳಿಗೆ ಕೊಳವೆಯನ್ನು ಮೂರನೆಯ ದಿನವೇ ತೆಗೆದಾಗ ತೊಡಕುಗಳು ಕಡಿಮೆಯಾದವು. ಹೀಗಾಗಿ ವಿಪಲ್ ಶಸ್ತ್ರಚಿಕಿತ್ಸೆಯಲ್ಲಿ ಕೊಳವೆಯನ್ನು ಇರಿಸಿ, ಅಪಾಯ ಕಡಿಮೆಯೆಂದು ಖಚಿತವಾದವರಲ್ಲಿ ಬೇಗ ತೆಗೆಯುವ ಪದ್ಧತಿ ಬೆಳೆದಿದೆ. ಬಾಲಭಾಗದ ಛೇದನದಲ್ಲಿ ಕೊಳವೆ ಇಲ್ಲದೆಯೂ ಸುರಕ್ಷಿತವಾಗಿರಬಹುದೆಂದು 2024ರಲ್ಲಿ ಪ್ರಕಟವಾದ ಯುರೋಪಿನ ಪ್ರಯೋಗ ತಿಳಿಸಿದೆ.

ಔಷಧಗಳು

ಗ್ರಂಥಿರಸದ ಸ್ರಾವವನ್ನು ತಗ್ಗಿಸಿದರೆ ಸೋರಿಕೆ ಕಡಿಮೆಯಾಗಬಹುದೆಂಬ ಆಧಾರದ ಮೇಲೆ ಆಕ್ಟ್ರಿಯೊಟೈಡ್‌ನಂತಹ ಔಷಧಗಳನ್ನು ದಶಕಗಳಿಂದ ಪರೀಕ್ಷಿಸಲಾಗಿದೆ. ಫಲಿತಾಂಶಗಳು ಒಂದೇ ತೆರನಾಗಿಲ್ಲ. ಪಾಸಿರಿಯೊಟೈಡ್ ಔಷಧವು ಸೋರಿಕೆ ಮತ್ತು ಕೀವುಗಟ್ಟುವಿಕೆಯನ್ನು ಶೇ. 21ರಿಂದ ಶೇ. 9ಕ್ಕೆ ಇಳಿಸಿತೆಂದು ನ್ಯೂಯಾರ್ಕ್‌ನ 300 ರೋಗಿಗಳ ಪ್ರಯೋಗವು 2014ರಲ್ಲಿ ವರದಿ ಮಾಡಿತು. ಬೇರೆ ಕೇಂದ್ರಗಳ ಅನುಭವದಲ್ಲಿ ಅಷ್ಟು ಲಾಭ ಕಾಣದ್ದರಿಂದ ಇದು ಎಲ್ಲೆಡೆ ರೂಢಿಗೆ ಬಂದಿಲ್ಲ.

ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಜಾತಿಯ ಚುಚ್ಚುಮದ್ದುಗಳನ್ನು ನೀಡುವುದು ಸರ್ವಸಮ್ಮತ. ಕ್ಯಾನ್ಸರ್ ರೋಗಿಗಳಿಗೆ ಇದನ್ನು ಸಾಮಾನ್ಯವಾಗಿ ನಾಲ್ಕು ವಾರಗಳವರೆಗೆ ಮುಂದುವರಿಸಲಾಗುತ್ತದೆ.

ಆಸ್ಪತ್ರೆಯಲ್ಲಿ ಚೇತರಿಕೆ

ಶೀಘ್ರ ಚೇತರಿಕೆಯ ಕ್ರಮ ಎಂದು ಕರೆಯಲಾಗುವ ಆರೈಕೆಯ ಪದ್ಧತಿಗೆ ವಿಪಲ್ ಶಸ್ತ್ರಚಿಕಿತ್ಸೆಗೆಂದೇ ಮಾರ್ಗಸೂಚಿಗಳು 2012ರಲ್ಲಿ ಪ್ರಕಟವಾದವು. ನೋವನ್ನು ಚೆನ್ನಾಗಿ ನಿಯಂತ್ರಿಸಿ ರೋಗಿಯನ್ನು ಮೊದಲ ದಿನದಿಂದಲೇ ಎಬ್ಬಿಸಿ ಕೂರಿಸುವುದು ಮತ್ತು ನಡೆಸುವುದು, ಅಭಿಧಮನಿಯ ಮೂಲಕ ಅತಿಯಾಗಿ ದ್ರವ ಏರಿಸದಿರುವುದು, ಮೂಗಿನ ಕೊಳವೆಯನ್ನು ಬೇಗ ತೆಗೆಯುವುದು, ತಾಳಿಕೊಳ್ಳುವಷ್ಟು ಆಹಾರವನ್ನು ಬಾಯಿಯ ಮೂಲಕವೇ ಬೇಗ ಆರಂಭಿಸುವುದು, ರಕ್ತದ ಸಕ್ಕರೆಯನ್ನು ಮೇಲಿಂದ ಮೇಲೆ ಅಳೆಯುವುದು ಇದರ ಮುಖ್ಯ ಅಂಗಗಳು. ದೀರ್ಘ ಉಸಿರಾಟ ಮತ್ತು ಕಫ ಹೊರಹಾಕುವ ಅಭ್ಯಾಸವು ಶ್ವಾಸಕೋಶವನ್ನು ಕಾಪಾಡುತ್ತದೆ. ಜಠರದ ಮಾಂದ್ಯ ಬಹಳ ದಿನ ಉಳಿದರೆ ಅದರ ಹಿಂದೆ ಸೋರಿಕೆಯೋ ಕೀವೋ ಅಡಗಿದೆಯೇ ಎಂದು ಪರೀಕ್ಷಿಸಿ, ಅಷ್ಟರಲ್ಲಿ ಕರುಳಿಗೆ ಇಳಿಸಿದ ಕೊಳವೆಯಿಂದ ಪೋಷಣೆ ಒದಗಿಸಲಾಗುತ್ತದೆ.

ತೊಡಕನ್ನು ಬೇಗ ಗುರುತಿಸುವುದು

ಸೋರಿಕೆಯನ್ನು ಪೂರ್ತಿಯಾಗಿ ತಡೆಯುವ ವಿಧಾನ ಇದುವರೆಗೆ ಇಲ್ಲದಿರುವುದರಿಂದ ತಡೆಯ ಎರಡನೆಯ ಹಂತವು ನಿರ್ಣಾಯಕವಾಗಿದೆ. ಸೋರಿಕೆಯ ಮೊದಲ ಚಿಹ್ನೆಗಳು ಮಂದವಾಗಿರುತ್ತವೆ. ಸಣ್ಣ ಜ್ವರ, ಕಾರಣವಿಲ್ಲದೆ ಏರಿದ ನಾಡಿ ಬಡಿತ, ವೇಗವಾದ ಉಸಿರಾಟ, ಹೊಟ್ಟೆ ಉಬ್ಬರ, ಗೊಂದಲಗೊಂಡ ಮನಸ್ಸು, ಬಿಳಿ ರಕ್ತಕಣಗಳ ಹೆಚ್ಚಳ, ಇಳಿಯಬೇಕಾದ ದಿನಗಳಲ್ಲಿ ಇಳಿಯದೆ ಉಳಿದ ಸಿ-ರಿಯಾಕ್ಟಿವ್ ಪ್ರೋಟೀನ್ ಮಟ್ಟ, ಡ್ರೈನ್ ದ್ರವದ ಬಣ್ಣದಲ್ಲಿ ಬದಲಾವಣೆ ಇವೇ ಅವು. ಬಿಡಿಬಿಡಿಯಾಗಿ ನೋಡಿದರೆ ಇವು ಅಷ್ಟು ಗಂಭೀರವೆನಿಸುವುದಿಲ್ಲ. ಹಾಗಾಗಿ ಇನ್ನೊಂದು ದಿನ ಕಾದು ನೋಡೋಣ ಎಂಬ ನಿರ್ಧಾರಕ್ಕೆ ಬರುವುದು ಸುಲಭ.

ಈ ವಿಳಂಬವನ್ನು ತಪ್ಪಿಸಲು ನೆದರ್ಲೆಂಡ್ಸ್‌ನ ವೈದ್ಯರು ಒಂದು ನಿಯಮಾವಳಿಯನ್ನು ರೂಪಿಸಿದರು. ಶಸ್ತ್ರಚಿಕಿತ್ಸೆಯ ಮೂರನೆಯ ದಿನದಿಂದ ಹದಿನಾಲ್ಕನೆಯ ದಿನದವರೆಗೆ ಪ್ರತಿ ರೋಗಿಯ ಲಕ್ಷಣಗಳನ್ನೂ ರಕ್ತಪರೀಕ್ಷೆಗಳನ್ನೂ ದಿನವೂ ಪರಿಶೀಲಿಸಿ, ಯಾವಾಗ ಸಿ.ಟಿ. ಸ್ಕ್ಯಾನ್ ಮಾಡಬೇಕು, ಯಾವಾಗ ಪ್ರತಿಜೀವಕ ಆರಂಭಿಸಬೇಕು, ಯಾವಾಗ ಚರ್ಮದ ಮೂಲಕ ಸೂಜಿ ತೂರಿಸಿ ಹೊಸ ಕೊಳವೆ ಇರಿಸಬೇಕು, ಯಾವಾಗ ಹಳೆಯ ಕೊಳವೆಯನ್ನು ತೆಗೆಯಬೇಕು ಎಂಬುದನ್ನು ಅದು ಸೂಚಿಸುತ್ತದೆ. ಮೊಬೈಲ್ ಆ್ಯಪ್ ಮೂಲಕವೂ ಅದನ್ನು ಬಳಸುವ ವ್ಯವಸ್ಥೆಯಿತ್ತು. ಆ ದೇಶದಲ್ಲಿ ಈ ಶಸ್ತ್ರಚಿಕಿತ್ಸೆ ನಡೆಸುವ ಎಲ್ಲ 17 ಕೇಂದ್ರಗಳೂ ಒಂದೊಂದಾಗಿ ಹಳೆಯ ಪದ್ಧತಿಯಿಂದ ಹೊಸ ನಿಯಮಾವಳಿಗೆ ಬದಲಾದವು. ಒಟ್ಟು 1,748 ರೋಗಿಗಳನ್ನು ಒಳಗೊಂಡ ಈ ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಚಿಕಿತ್ಸೆ ಬೇಕಾದ ರಕ್ತಸ್ರಾವ, ಅಂಗವೈಫಲ್ಯ ಮತ್ತು 90 ದಿನಗಳೊಳಗಿನ ಸಾವು ಈ ಮೂರರಲ್ಲಿ ಒಂದಾದರೂ ಸಂಭವಿಸಿದವರ ಪ್ರಮಾಣ ಶೇ. 14ರಿಂದ ಶೇ. 8ಕ್ಕೆ ಇಳಿಯಿತು. ಸಾವಿನ ಪ್ರಮಾಣ ಶೇ. 5ರಿಂದ ಶೇ. 3ಕ್ಕೆ ಇಳಿಯಿತು. ಹೊಸ ಔಷಧವನ್ನಾಗಲಿ ಹೊಸ ಹೊಲಿಗೆಯನ್ನಾಗಲಿ ಬಳಸದೆ, ಇರುವ ಸಾಧನಗಳನ್ನೇ ಸಕಾಲದಲ್ಲಿ ಬಳಸಿದ್ದರಿಂದ ಈ ಲಾಭ ದೊರೆಯಿತು.

ರಕ್ತಸ್ರಾವದ ವಿಷಯದಲ್ಲಿ ಎಚ್ಚರಿಕೆಯ ಚಿಹ್ನೆಯೊಂದಿದೆ. ಒಂದು ವಾರ ಕಳೆದ ಮೇಲೆ ಡ್ರೈನ್ ಕೊಳವೆಯಲ್ಲಿ ಸ್ವಲ್ಪ ರಕ್ತ ಕಾಣಿಸಿಕೊಂಡು ತಾನಾಗಿ ನಿಂತುಹೋಗಬಹುದು. ಅಥವಾ ರೋಗಿಯು ಸ್ವಲ್ಪ ರಕ್ತ ವಾಂತಿ ಮಾಡಬಹುದು, ಮಲ ಕಪ್ಪಾಗಬಹುದು. ಇದು ಕೆಲವೇ ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಬರಲಿರುವ ಭಾರಿ ರಕ್ತಸ್ರಾವದ ಮುನ್ಸೂಚನೆಯಾಗಿರಬಹುದು. ಅಂತಹ ಸಂದರ್ಭದಲ್ಲಿ ರಕ್ತ ನಿಂತಿದ್ದರೂ ತಕ್ಷಣ ರಕ್ತನಾಳಗಳ ಸಿ.ಟಿ. ಸ್ಕ್ಯಾನ್ ಮಾಡಿ, ಉಬ್ಬಿದ ಅಪಧಮನಿ ಕಂಡರೆ ತೊಡೆಸಂದಿನಿಂದ ತೂರಿಸಿದ ಸಣ್ಣ ನಳಿಗೆಯ ಮೂಲಕ ಅದನ್ನು ಮುಚ್ಚಲಾಗುತ್ತದೆ ಅಥವಾ ಹೊದಿಕೆಯುಳ್ಳ ಸ್ಟೆಂಟ್ ಇರಿಸಲಾಗುತ್ತದೆ.

ಆಸ್ಪತ್ರೆಯ ಅನುಭವದ ಪಾತ್ರ

ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಗ್ರಂಥಿಯ ಛೇದನವನ್ನು ಅತಿ ವಿರಳವಾಗಿ ಮಾಡುವ ಆಸ್ಪತ್ರೆಗಳಲ್ಲಿ ಸಾವು ಶೇ. 16.3 ಇದ್ದುದನ್ನೂ ಅತಿ ಹೆಚ್ಚು ಮಾಡುವ ಆಸ್ಪತ್ರೆಗಳಲ್ಲಿ ಅದು ಶೇ. 3.8 ಇದ್ದುದನ್ನೂ ತೋರಿಸಿತು. ಇದರ ಕಾರಣವು ಶಸ್ತ್ರವೈದ್ಯರ ಕೈಚಳಕ ಮಾತ್ರವಲ್ಲ ಎಂಬುದಕ್ಕೆ 2009ರ ಇನ್ನೊಂದು ಅಧ್ಯಯನ ಸುಳಿವು ನೀಡಿತು. ವಿವಿಧ ಬಗೆಯ ಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿದ ಅದು, ಸಾವು ಹೆಚ್ಚಿರುವ ಆಸ್ಪತ್ರೆಗಳಲ್ಲಿಯೂ ಕಡಿಮೆಯಿರುವ ಆಸ್ಪತ್ರೆಗಳಲ್ಲಿಯೂ ತೊಡಕುಗಳ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿರುವುದನ್ನು ಕಂಡುಹಿಡಿಯಿತು. ಆದರೆ ಗಂಭೀರ ತೊಡಕಿಗೆ ಒಳಗಾದವರಲ್ಲಿ ಮೊದಲ ಬಗೆಯ ಆಸ್ಪತ್ರೆಗಳಲ್ಲಿ ಶೇ. 21.4 ಮಂದಿ ಸತ್ತರೆ ಎರಡನೆಯ ಬಗೆಯಲ್ಲಿ ಶೇ. 12.5 ಮಂದಿ ಸತ್ತಿದ್ದರು. ವೈದ್ಯಕೀಯ ಸಾಹಿತ್ಯದಲ್ಲಿ ಇದನ್ನು ಪಾರುಮಾಡುವಲ್ಲಿನ ವೈಫಲ್ಯ ಎಂದು ಹೆಸರಿಸಲಾಗಿದೆ.

ಹಗಲಿರುಳು ಲಭ್ಯವಿರುವ ಸಿ.ಟಿ. ಸ್ಕ್ಯಾನ್, ರಕ್ತನಾಳದ ಒಳಗಿನಿಂದ ಚಿಕಿತ್ಸೆ ನೀಡಬಲ್ಲ ವಿಕಿರಣತಜ್ಞರು, ತೀವ್ರ ನಿಗಾ ಘಟಕ, ರಕ್ತನಿಧಿ ಮತ್ತು ಸಣ್ಣ ಬದಲಾವಣೆಯನ್ನೂ ಗಮನಿಸಿ ತಿಳಿಸುವ ಶುಶ್ರೂಷಕರು ಇರುವಲ್ಲಿ ಪಾರಾಗುವ ಸಾಧ್ಯತೆ ಹೆಚ್ಚು. ಈ ಕಾರಣದಿಂದ ಹಲವು ದೇಶಗಳು ಈ ಶಸ್ತ್ರಚಿಕಿತ್ಸೆಯನ್ನು ಕೆಲವೇ ಕೇಂದ್ರಗಳಿಗೆ ಸೀಮಿತಗೊಳಿಸಿವೆ. ನೆದರ್ಲೆಂಡ್ಸ್‌ನಲ್ಲಿ ಒಂದು ಕೇಂದ್ರವು ವರ್ಷಕ್ಕೆ ಕನಿಷ್ಠ 20 ವಿಪಲ್ ಶಸ್ತ್ರಚಿಕಿತ್ಸೆಗಳನ್ನು ಮಾಡಬೇಕೆಂಬ ನಿಯಮವಿದೆ.

ಮನೆಗೆ ಮರಳಿದ ನಂತರ

ಉಳಿದ ಗ್ರಂಥಿ ಸಾಕಷ್ಟು ಕಿಣ್ವವನ್ನು ಒದಗಿಸದಿದ್ದರೆ ಕೊಬ್ಬು ಜೀರ್ಣವಾಗದೆ ಮಲವು ಜಿಡ್ಡಾಗಿ, ದುರ್ವಾಸನೆಯಿಂದ ಕೂಡಿ ನೀರಿನ ಮೇಲೆ ತೇಲುತ್ತದೆ, ತೂಕ ಇಳಿಯುತ್ತದೆ. ಇದಕ್ಕೆ ಪ್ಯಾಂಕ್ರಿಯಾಟಿನ್ ಕ್ಯಾಪ್ಸೂಲುಗಳನ್ನು ಊಟದೊಡನೆಯೇ ಸೇವಿಸಬೇಕು. ದೊಡ್ಡ ಊಟಕ್ಕೆ ಸಾಮಾನ್ಯವಾಗಿ 40,000ದಿಂದ 50,000 ಘಟಕಗಳಷ್ಟು ಲೈಪೇಸ್, ಲಘು ಉಪಾಹಾರಕ್ಕೆ ಅದರ ಅರ್ಧದಷ್ಟು ಬೇಕಾಗುತ್ತದೆ. ಊಟಕ್ಕೆ ಬಹಳ ಮೊದಲೋ ಮುಗಿದ ಮೇಲೋ ತೆಗೆದುಕೊಂಡರೆ ಪ್ರಯೋಜನ ಕಡಿಮೆ. ಕೊಬ್ಬಿನಲ್ಲಿ ಕರಗುವ ಎ, ಡಿ, ಇ ಮತ್ತು ಕೆ ಜೀವಸತ್ವಗಳ ಕೊರತೆಯನ್ನೂ ಗಮನಿಸಲಾಗುತ್ತದೆ. ದಿನಕ್ಕೆ ಮೂರು ದೊಡ್ಡ ಊಟಗಳ ಬದಲು ಐದಾರು ಸಣ್ಣ ಊಟಗಳನ್ನು ಮಾಡುವಂತೆ ಸಲಹೆ ನೀಡಲಾಗುತ್ತದೆ.

ಇನ್ಸುಲಿನ್ ಸ್ರವಿಸುವ ಕೋಶಗಳು ಕಡಿಮೆಯಾಗುವುದರಿಂದ ಕೆಲವರಿಗೆ ಹೊಸದಾಗಿ ಮಧುಮೇಹ ಬರುತ್ತದೆ. ಗ್ಲೂಕಗಾನ್ ಕೂಡ ಕಡಿಮೆಯಾಗುವುದರಿಂದ ಸಂಪೂರ್ಣ ಛೇದನಕ್ಕೆ ಒಳಗಾದವರಲ್ಲಿ ರಕ್ತದ ಸಕ್ಕರೆ ಹಠಾತ್ತಾಗಿ ಕುಸಿಯುವ ಅಪಾಯವಿದೆ. ಅಂಥವರೂ ಅವರ ಮನೆಯವರೂ ಸಕ್ಕರೆ ಕುಸಿತದ ಲಕ್ಷಣಗಳಾದ ಬೆವರು, ನಡುಕ, ಗೊಂದಲಗಳನ್ನು ತಿಳಿದಿರಬೇಕು.

ಆಸ್ಪತ್ರೆಯಿಂದ ಮರಳಿದ ಮೇಲೂ ತೊಡಕುಗಳು ಕಾಣಿಸಿಕೊಳ್ಳಬಹುದು. ಜ್ವರ, ಚಳಿ, ಹೆಚ್ಚುತ್ತಿರುವ ಹೊಟ್ಟೆನೋವು, ನಿಲ್ಲದ ವಾಂತಿ, ಕಾಮಾಲೆ, ಗಾಯದಿಂದ ಕೀವು, ಕಾಲಿನ ಊತ ಅಥವಾ ಉಸಿರಾಟದ ತೊಂದರೆ ಕಂಡರೆ ಕೂಡಲೆ ಶಸ್ತ್ರಚಿಕಿತ್ಸೆ ಮಾಡಿದ ತಂಡವನ್ನು ಸಂಪರ್ಕಿಸಬೇಕು. ರಕ್ತವಾಂತಿ, ಕಪ್ಪು ಮಲ ಅಥವಾ ಕೊಳವೆಯಲ್ಲಿ ರಕ್ತ ಕಂಡರೆ, ಅದು ಎಷ್ಟೇ ಸ್ವಲ್ಪವಿದ್ದರೂ, ತುರ್ತು ಚಿಕಿತ್ಸೆ ಬೇಕು. ಗುಲ್ಮವನ್ನು ಕಳೆದುಕೊಂಡವರಲ್ಲಿ ಯಾವುದೇ ತೀವ್ರ ಜ್ವರವನ್ನು ತುರ್ತುಸ್ಥಿತಿಯೆಂದೇ ಪರಿಗಣಿಸಲಾಗುತ್ತದೆ.

ಭಾರತದಲ್ಲಿ

ಭಾರತದಲ್ಲಿ ಈ ಶಸ್ತ್ರಚಿಕಿತ್ಸೆಯನ್ನು ಹೆಚ್ಚಿನ ಸಂಖ್ಯೆಯಲ್ಲಿ ನಡೆಸುವ ಕೇಂದ್ರಗಳಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಒಂದು. ದಕ್ಷಿಣ ಭಾರತದಲ್ಲಿ, ವಿಶೇಷವಾಗಿ ಕೇರಳದಲ್ಲಿ, ಮದ್ಯಪಾನದ ಸಂಬಂಧವಿಲ್ಲದೆ ಎಳೆಯ ವಯಸ್ಸಿನಲ್ಲೇ ಗ್ರಂಥಿಯಲ್ಲಿ ಕಲ್ಲುಗಳಾಗಿ ದೀರ್ಘಕಾಲದ ಉರಿಯೂತ ಬರುವ ಕಾಯಿಲೆ ಹೆಚ್ಚಾಗಿ ಕಂಡುಬಂದಿದೆ. ಇದನ್ನು ಕೇರಳದ ವೈದ್ಯ ಪಿ. ಜೆ. ಗೀವರ್ಗೀಸ್ ವಿವರವಾಗಿ ಅಧ್ಯಯನ ಮಾಡಿದ್ದರು. ಇಂತಹ ರೋಗಿಗಳಲ್ಲಿ ನಾಳವನ್ನು ಉದ್ದಕ್ಕೂ ತೆರೆದು, ಕಲ್ಲುಗಳನ್ನು ತೆಗೆದು, ಕರುಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆಯನ್ನು ನಡೆಸಲಾಗುತ್ತದೆ. ಗ್ರಂಥಿ ಗಟ್ಟಿಯಾಗಿಯೂ ನಾಳ ಹಿಗ್ಗಿಯೂ ಇರುವುದರಿಂದ ಸೋರಿಕೆಯ ಅಪಾಯ ಇವರಲ್ಲಿ ಕಡಿಮೆ. ಆದರೆ ಅಪೌಷ್ಟಿಕತೆ, ಮಧುಮೇಹ ಮತ್ತು ಕಿಣ್ವದ ಕೊರತೆ ಅನೇಕರಲ್ಲಿ ಮೊದಲೇ ಇರುತ್ತವೆ; ಹಾಗಾಗಿ ಇವರಲ್ಲಿ ತಡೆಯ ಕ್ರಮಗಳು ಪೋಷಣೆ ಮತ್ತು ಸಕ್ಕರೆ ನಿಯಂತ್ರಣದಿಂದಲೇ ಆರಂಭವಾಗುತ್ತವೆ.

ಬಳಕೆಯಲ್ಲಿರುವ ಪ್ಯಾಂಕ್ರಿಯಾಟಿನ್ ಬಹುತೇಕ ಹಂದಿಯ ಗ್ರಂಥಿಯಿಂದ ತಯಾರಾದದ್ದು. ಧಾರ್ಮಿಕ ಕಾರಣದಿಂದ ಅಥವಾ ಸಸ್ಯಾಹಾರದ ನಿಷ್ಠೆಯಿಂದ ರೋಗಿಯು ಅದನ್ನು ಸದ್ದಿಲ್ಲದೆ ಬಿಟ್ಟುಬಿಡುವ ಸಾಧ್ಯತೆ ಇರುವುದರಿಂದ, ಈ ವಿಷಯವನ್ನು ಮೊದಲೇ ಮುಕ್ತವಾಗಿ ಚರ್ಚಿಸುವುದು ಚಿಕಿತ್ಸೆಯ ಭಾಗವಾಗಿದೆ. ಚಿಕಿತ್ಸಾ ಕೇಂದ್ರದಿಂದ ದೂರದ ಊರುಗಳಲ್ಲಿರುವ ರೋಗಿಗಳು ಮೊದಲ ಕೆಲವು ವಾರಗಳನ್ನು ಆಸ್ಪತ್ರೆಗೆ ಬೇಗ ತಲುಪಬಹುದಾದ ಸ್ಥಳದಲ್ಲಿ ಕಳೆಯುವುದು, ಮತ್ತು ಶಸ್ತ್ರಚಿಕಿತ್ಸೆಯ ವಿವರಗಳಿರುವ ಬಿಡುಗಡೆ ಪತ್ರವನ್ನು ಸದಾ ಜೊತೆಗಿರಿಸಿಕೊಳ್ಳುವುದು ತಡವಾಗಿ ಬರುವ ತೊಡಕುಗಳ ಚಿಕಿತ್ಸೆಗೆ ಅನುಕೂಲಕರ.